ಮೊದಲು ಸಾಫ್ಟ್‌ವೇರೋ, ಸೈಲೆನ್ಸರೋ?

ಬಾಮೈದ ಇರುವವರ ಮನೆಯ ಕಾರು ಶೋರೂಮಿನಿಂದ ಬಂದ ಹಾಗೇ ಉಳಿಯುವುದಿಲ್ಲ. ಮೊದಲು ಸ್ಟೀರಿಂಗಿಗೆ ಕವರ್ ಬರುತ್ತದೆ. ಆಮೇಲೆ ಕಾಲ ಬುಡದಲ್ಲಿ ನೀಲಿ ಲೈಟು. ಆಮೇಲೆ ಡಿಕ್ಕಿಯಲ್ಲಿ ಒಂದು ವೂಫರ್ ಬಂದು ಕೂತು, ತರಕಾರಿ ಚೀಲಕ್ಕೆ ಜಾಗ ಇಲ್ಲದಂತಾಗುತ್ತದೆ. ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಆದರೆ ಹೋದ ಯುಗಾದಿಯ ದಿನ ಒಬ್ಬಟ್ಟಿನ ಮಧ್ಯೆ ಅವನು "ಭಾವ, ನಿಮ್ ಕಾರಿನ ಎಂಜಿನ್ ಟ್ಯೂನ್ ಮಾಡ್ಸೋಣ" ಅಂದಾಗ, ತುಪ್ಪಕ್ಕೆ ಚಾಚಿದ ಕೈ ಅಲ್ಲೇ ನಿಂತಿತು.

ನನ್ನದು 2014ರ ಡೀಸೆಲ್ ಹ್ಯಾಚ್‌ಬ್ಯಾಕ್. ಒಳಗಿರುವುದು ಫಿಯೆಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಎಂಜಿನ್. ಒಂದು ಕಾಲದಲ್ಲಿ ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಯ ಕಾರುಗಳಲ್ಲಿ ಇದೇ ಇತ್ತು. ಯಾರ ಬಾನೆಟ್ ಎತ್ತಿದರೂ ಅದೇ ಮುಖ. 'ರಾಷ್ಟ್ರೀಯ ಎಂಜಿನ್' ಅಂತ ಜನ ತಮಾಷೆ ಮಾಡುತ್ತಿದ್ದರು. ಬಾಮೈದನ ಇಡೀ ವಾದ ನಿಂತಿದ್ದೇ ಇದರ ಮೇಲೆ.

"ನಿಮ್ ಕಾರಲ್ಲಿ 75 ಪಿಎಸ್, 190 ನ್ಯೂಟನ್ ಮೀಟರ್. ಅದೇ ಎಂಜಿನ್ನು ದೊಡ್ಡ ಕಾರಲ್ಲಿ 90 ಪಿಎಸ್, 200 ನ್ಯೂಟನ್ ಮೀಟರ್. ಕಂಪನಿಯವ್ರು ಬೇಕಂತ್ಲೇ ಬೀಗ ಹಾಕಿದ್ದಾರೆ ಭಾವ. ತೆಗೆಯೋಕೆ ಒಂದು ಸಾಫ್ಟ್‌ವೇರ್ ಸಾಕು."

ಪಿಎಸ್ ಅಂದರೆ ಎಂಜಿನ್ನಿನ ಶಕ್ತಿ, ನ್ಯೂಟನ್ ಮೀಟರ್ ಅಂದರೆ ಟಾರ್ಕ್, ತಿರುಗಿಸುವ ಬಲ. ಅವನು ಹೇಳಿದ್ದು ಅರ್ಧ ನಿಜ. ಆ 90 ಪಿಎಸ್ ಎಂಜಿನ್ನಿಗೆ ಹಾಕಿದ ಟರ್ಬೊನೇ, ಅಂದರೆ ಒಳಗೆ ಗಾಳಿ ಊದುವ ಯಂತ್ರವೇ, ಬೇರೆ. ಅದರೊಳಗಿನ ಪುಟ್ಟ ರೆಕ್ಕೆಗಳು ಎಂಜಿನ್ ವೇಗಕ್ಕೆ ತಕ್ಕಂತೆ ಹೊರಳುತ್ತವೆ. ನನ್ನ ಕಾರಿನದು ಇದ್ದಲ್ಲೇ ಇರುವ ಸಾದಾ ಟರ್ಬೊ. ಇದನ್ನು ಹೇಳಿದೆ. "ಅದೆಲ್ಲ ಸ್ಟೇಜ್ 2ರಲ್ಲಿ ನೋಡ್ಕೊಳ್ಳೋಣ" ಅಂದ. ಸ್ಟೇಜ್ 1 ಅಂದರೆ ಬರೀ ಸಾಫ್ಟ್‌ವೇರ್, ಸ್ಟೇಜ್ 2 ಅಂದರೆ ಬಿಡಿಭಾಗವೂ ಬದಲು. ಸ್ಟೇಜ್ 1 ಯಾವಾಗ ಮುಗಿಯಿತು ಅಂತ ನನಗೆ ತಿಳಿಯಲಿಲ್ಲ.

ಅವನಿಗಿದ್ದ ಗೊಂದಲ ಒಂದೇ. ಯಾವುದು ಮೊದಲು? ಅವನ ಗೆಳೆಯರಲ್ಲೇ ಎರಡು ಪಕ್ಷ. ಮೊದಲು ಗಾಳಿ ಜಾಸ್ತಿ ಎಳೆಯುವ ಓಪನ್ ಏರ್ ಫಿಲ್ಟರ್, ಹೊಗೆಯನ್ನು ತಡೆಯಿಲ್ಲದೆ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದೇ ಸಲ ಸಾಫ್ಟ್‌ವೇರ್ ಮಾಡಿಸು ಅನ್ನುವವರು ಒಂದು ಕಡೆ. ಸಾಫ್ಟ್‌ವೇರ್ ಇಲ್ಲದೆ ಒಂದು ನಟ್ಟನ್ನೂ ಮುಟ್ಟಬೇಡ ಅನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದವರ ಕಾರುಗಳನ್ನು ನೋಡಿದ್ದೇನೆ. ಹೆಚ್ಚಾಗಿ ಗ್ಯಾರೇಜಿನಲ್ಲೇ ಇರುತ್ತವೆ.

ನನ್ನ ಓಟು ಸಾಫ್ಟ್‌ವೇರಿನವರಿಗೆ. ಎಂಜಿನ್ನಿಗೆ ಇಸಿಯು ಅಂತ ಒಂದು ಚಪ್ಪಟೆ ಪೆಟ್ಟಿಗೆ ಇರುತ್ತದೆ. ಅದು ಎಂಜಿನ್ನಿನ ಕಂಪ್ಯೂಟರ್. ಅದರಲ್ಲಿ ಕೋಷ್ಟಕಗಳು, ಸಾಫ್ಟ್‌ವೇರ್ ತಿದ್ದುವುದು ಇವನ್ನೇ. ಎಂಜಿನ್ ಇಷ್ಟು ಸುತ್ತು ತಿರುಗುತ್ತಿದ್ದು ಪೆಡಲನ್ನು ಇಷ್ಟು ಒತ್ತಿದ್ದರೆ ಇಷ್ಟೇ ಡೀಸೆಲ್, ಒಂದು ಹನಿ ಆಚೆ ಈಚೆ ಇಲ್ಲ. ನೀವು ಹೊರಗೆ ಎಂಥಾ ಫಿಲ್ಟರ್ ಹಾಕಿದರೂ ಒಳಗಿನ ಕೋಷ್ಟಕ ಬದಲಾಗುವುದಿಲ್ಲ. ಗಾಳಿ ಸ್ವಲ್ಪ ಜಾಸ್ತಿ ಬರುತ್ತದೆ, ಸುಮ್ನೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲೂ ಅಷ್ಟೇ. ಆರಾಮಾಗಿ ಓಡಿಸುವಾಗ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಮೂಸಿ ನೋಡಿ, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಹಳೇ ಲೆಕ್ಕಕ್ಕೇ ಎಳೆದು ತರುತ್ತದೆ. ಇನ್ನು ಇಂಜೆಕ್ಟರ್ ದೊಡ್ಡದು ಹಾಕಿಸಿದರೆ ಸಾಫ್ಟ್‌ವೇರ್ ತಿದ್ದದೆ ಗ್ಯಾರೇಜಿನಿಂದ ಮನೆಗೆ ಬರುವುದೇ ಕಷ್ಟ.

ಹಾಗಿದ್ದೂ ಜನ ಮೊದಲು ಸೈಲೆನ್ಸರನ್ನೇ ಯಾಕೆ ಹಾಕಿಸುತ್ತಾರೆ ಅಂದರೆ, ಅದು ಕೇಳಿಸುತ್ತದೆ. ಸದ್ದು ಜಾಸ್ತಿಯಾದರೆ ಓಟವೂ ಜಾಸ್ತಿಯಾಯಿತು ಅಂತ ಕಿವಿ ನಂಬುತ್ತದೆ. ಅದು ಟ್ರಾಫಿಕ್ ಪೊಲೀಸರಿಗೂ ಕೇಳಿಸುತ್ತದೆ. ನೋಂದಣಿ ಪತ್ರದಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿ ಬಂದ ಮೇಲೆ, ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಾಮೈದ ಇದನ್ನು ಗಮನವಿಟ್ಟು ಕೇಳಿ, "ಅದಕ್ಕೇ ಭಾವ ಸಾಫ್ಟ್‌ವೇರ್ ಮೊದ್ಲು. ಅದು ಯಾರ ಕಣ್ಣಿಗೂ ಬೀಳಲ್ಲ" ಅಂದ. ನಾನು ಹೇಳಿದ್ದು ಬೇರೆ ಕಾರಣಕ್ಕೆ.

ಸಾಫ್ಟ್‌ವೇರ್ ಅಂದರೂ ಅದರಲ್ಲಿ ಎರಡು ದಾರಿ. ಟ್ಯೂನರ್ ಹತ್ತಿರ ಹೋಗಿ ರೀಮ್ಯಾಪ್, ಅಂದರೆ ಆ ಕೋಷ್ಟಕಗಳ ತಿದ್ದುಪಡಿ, ಮಾಡಿಸಿದರೆ, ನಮಗೆ ಹೇಳಿದ ರೇಟು 25,000 ರೂಪಾಯಿಯಿಂದ ಶುರು. ನಾಳೆ ಟರ್ಬೊ ಬದಲಾಯಿಸಿದರೆ ಕೋಷ್ಟಕವನ್ನು ಮತ್ತೆ ತಿದ್ದಬೇಕು, ಮತ್ತೆ ದುಡ್ಡು. ಅದರ ಬದಲು ನಾವೇ ಸಾಫ್ಟ್‌ವೇರ್, ಕೇಬಲ್ ಕೊಂಡರೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಆದರೆ ಲೈಸೆನ್ಸು ಹೆಚ್ಚಾಗಿ ಒಂದು ಇಸಿಯುಗೆ ಅಂತ ಇರುತ್ತದೆ. ಕಾರು ಮಾರಿದರೆ ಅದೂ ಕಾರಿನ ಜೊತೆ ಹೋಯಿತು. ಜೊತೆಗೆ, ತಿದ್ದುವುದು ಗೊತ್ತಿರುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಮುಂದೆ ಬಂದವನು ಬಿ.ಕಾಂ. ಓದಿದ ಬಾಮೈದ. ತಿದ್ದಿದ್ದನ್ನು ಇಸಿಯುಗೆ ತುಂಬುವಾಗ ಬ್ಯಾಟರಿ ಇಳಿದರೆ ಕಾರು ಸ್ಟಾರ್ಟೇ ಆಗದೆ ನಿಲ್ಲಬಹುದು ಅಂತ ಅವನೇ ಹೇಳಿದ. ಮದುವೆಯಲ್ಲಿ ಊಟ ಬಡಿಸುವವನ ಹುರುಪಿನಲ್ಲಿ ಹೇಳಿದ.

ದುಡ್ಡು ಕೊಡುವ ಮೊದಲು ಒಂದು ಸಲ ನೋಡೋಣ ಅಂತ ಅವನು ಎಲ್ಲಿಂದಲೋ ಪುಕ್ಕಟೆ ಪ್ರತಿಯೊಂದನ್ನು ಇಳಿಸಿಕೊಂಡ. ತನ್ನ ಲ್ಯಾಪ್‌ಟಾಪ್ ನಿಧಾನ ಅಂತ ಅಕ್ಕನ ಆಫೀಸ್ ಲ್ಯಾಪ್‌ಟಾಪಿಗೆ ಹಾಕಿದ. ಅರ್ಧ ಗಂಟೆಯೊಳಗೆ ಅವಳ ಕಂಪನಿಯ ಸೆಕ್ಯುರಿಟಿ ವಿಭಾಗದಿಂದ ಫೋನ್. ಲ್ಯಾಪ್‌ಟಾಪ್ ಲಾಕ್. "ಮೇಡಂ, ನಿಮ್ಮ ಮಷಿನ್‌ನಲ್ಲಿ ಏನೋ ಓಡ್ತಾ ಇದೆ, ಏನದು?" ನನ್ನವಳು ತಮ್ಮನ ಮುಖ ನೋಡಿದಳು. ಅವನು ಫ್ಯಾನಿನ ಕಡೆ ನೋಡಿದ. "ಡೀಸೆಲ್ ಎಂಜಿನ್" ಅಂತ ಆಫೀಸಿಗೆ ಹೇಗೆ ಹೇಳುವುದು? ಅವಳು ಏನು ಹೇಳಿದಳೋ ಗೊತ್ತಿಲ್ಲ. ಆ ವಾರ ಮನೆಯಲ್ಲಿ ಕಾರು ಅನ್ನುವ ಪದವನ್ನೇ ಯಾರೂ ಎತ್ತಲಿಲ್ಲ.

ಕೊನೆಗೆ ನಾನೇ ಒಂದು ರಾಜಿ ಮಾಡಿದೆ. ಬದಲಾಯಿಸುವ ಮಾತು ಆಮೇಲೆ, ಈಗ ಓದುವುದು ಮಾತ್ರ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಪೋರ್ಟ್ ಇರುತ್ತದೆ, ಓಬಿಡಿ ಅಂತ. ಅಮೆರಿಕದಲ್ಲಿ ಇದು 1996ರ ಮಾಡೆಲಿನಿಂದಲೇ ಕಡ್ಡಾಯ. ಅದಕ್ಕೆ ಸಿಗಿಸುವ ಬ್ಲೂಟೂತ್ ಡಾಂಗಲ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನಡುವೆ ಮಿಣಮಿಣ ಅನ್ನುವ ಕೆಂಪು ದೀಪ. ಸಿಗಿಸಿದರೆ ಎಂಜಿನ್ನಿನ ಬಿಸಿ, ಸುತ್ತು, ಗಾಳಿಯ ಒತ್ತಡ ಎಲ್ಲ ಫೋನಿಗೆ ಬರುತ್ತದೆ.

ಎಂಜಿನ್ ಆಫ್ ಇದ್ದಾಗ ಒತ್ತಡ 91 ಕಿಲೋಪಾಸ್ಕಲ್ ತೋರಿಸಿತು. ಬಾಮೈದ ಹೌಹಾರಿದ. "101 ಇರ್ಬೇಕು ಭಾವ! ಸೆನ್ಸರ್ ಹೋಗಿದೆ!" ಹೋಗಿರಲಿಲ್ಲ. 101 ಇರುವುದು ಸಮುದ್ರ ಮಟ್ಟದಲ್ಲಿ. ಬೆಂಗಳೂರು ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯೇ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಕಾರು ಮಂಗಳೂರಿನಿಂದ ಘಾಟಿ ಹತ್ತಿ ಇಲ್ಲಿಗೆ ಬಂದರೆ ಹತ್ತರಲ್ಲಿ ಒಂದು ಪಾಲು ಶಕ್ತಿಯನ್ನು ದಾರಿಯಲ್ಲೇ ಕಳೆದುಕೊಂಡಿರುತ್ತದೆ. ನಮ್ಮ ಊರಲ್ಲಿ ಕಾರು ಕೊಂಡವರು ರೋಡ್ ಟ್ಯಾಕ್ಸೂ ಜಾಸ್ತಿ ಕಟ್ಟಬೇಕು, ಕುದುರೆಯೂ ಕಮ್ಮಿ.

ಟರ್ಬೊ ಎಷ್ಟು ಊದುತ್ತದೆ ಅಂತ ಸರಿಯಾಗಿ ಓದಬೇಕಾದರೆ ಏರಿನಲ್ಲಿ, ಮೂರನೇ ಗೇರಿನಲ್ಲಿ, ಪೆಡಲನ್ನು ಪೂರ್ತಿ ಒತ್ತಬೇಕು. ಆಫೀಸಿನ ದಾರಿಯಲ್ಲಿ ಇದು ಸಾಧ್ಯವೇ ಇಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಮೂರನೇ ಗೇರು ಅನ್ನುವುದೇ ದುರಾಸೆ. ಹಾಗಾಗಿ ಭಾನುವಾರ ಬೆಳಗಿನ ಜಾವ ನೈಸ್ ರೋಡಿಗೆ ಹೊರಟೆವು. ಕಾರು ಹೇಗೂ ಆ ಕಡೆ ಹೋಗುತ್ತಿದೆ ಅಂತ ಅತ್ತೆಯೂ ಹತ್ತಿದರು. ತಂಗಿಯ ಮನೆಗೆ ದೋಸೆ ಹಿಟ್ಟು ಕೊಡಬೇಕಂತೆ. ತೊಡೆಯ ಮೇಲೆ ಎರಡು ಲೀಟರಿನ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ಅಡ್ಡಲಾಗಿ ಟವೆಲ್ ಕಟ್ಟಿದ್ದರು.

ಏರು ಬಂತು. ಮೂರನೇ ಗೇರು. "ಒತ್ತಿ ಭಾವ!" ಒತ್ತಿದೆ. ಅವನು ಫೋನಿನಲ್ಲಿ ಗಾಳಿಯ ಒತ್ತಡ ನೋಡುತ್ತಾ "ನೂರ ಇಪ್ಪತ್ತು, ನೂರ ಮೂವತ್ತು, ನೂರ ನಲವತ್ತು" ಅಂತ ಕೂಗತೊಡಗಿದ. ನೂರ ನಲವತ್ತಕ್ಕೆ ನಿಂತುಬಿಟ್ಟಿತು. 200 ದಾಟಬೇಕಿತ್ತು. ಅಷ್ಟರಲ್ಲಿ ಹಿಂದಿನಿಂದ 'ಪುಸ್ಸ್' ಅಂತ ಸದ್ದು. ಎಂಜಿನ್ನಿನದಲ್ಲ. ರಾತ್ರಿಯಿಡೀ ಹುದುಗಿದ ಹಿಟ್ಟು, ಕುಲುಕಾಟಕ್ಕೆ ಮುಚ್ಚಳವನ್ನು ಎತ್ತಿ ಟವೆಲ್ ದಾಟಿ ಬಂದಿತ್ತು. ಮೊದಲು ಅತ್ತೆಯ ಸೀರೆಗೆ, ಅಲ್ಲಿಂದ ಸೀಟಿಗೆ, ಅಲ್ಲಿಂದ ಸೀಟ್ ಬೆಲ್ಟಿನ ಬಕಲ್ ಒಳಗೆ.

"ಅಮ್ಮಾ, ಸ್ವಲ್ಪ ಹಿಡ್ಕೊಳೋಕಾಗಲ್ವಾ?" ಅಂದ ಬಾಮೈದ.

"ನಾನು ಡಬ್ಬಿ ಹಿಡ್ಕೊಂಡೇ ಇದ್ದೀನಿ ಕಣೋ. ಕಾರ್ ಹಿಡ್ಕೊಳೋರು ಯಾರೂ ಇಲ್ವಲ್ಲ!" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಅಳಿಯ ಅನ್ನುವ ಮರ್ಯಾದೆಗೆ, "ನಿಮ್ಗಲ್ಲ ಹೇಳಿದ್ದು" ಅಂತ ಸೇರಿಸಿದರು. ಸ್ಟೀರಿಂಗ್ ಹಿಡಿದಿದ್ದವನು ನಾನೇ.

ಚಿಕ್ಕತ್ತೆಯ ಮನೆ ಮುಟ್ಟುವವರೆಗೂ ಬಾಮೈದ ಒಂದೇ ಮಾತು. "ನೋಡಿದ್ರಾ, 140ಕ್ಕೇ ಕಟ್ ಮಾಡಿದ್ದಾರೆ ಕಂಪನಿಯವ್ರು. ಸಾಫ್ಟ್‌ವೇರ್ ಬೇಕೇ ಬೇಕು." ನನಗೆ ಅನುಮಾನ. ಯಾವ ಕಂಪನಿಯೂ ಟರ್ಬೊ ಹಾಕಿ ಅದಕ್ಕೆ ಊದಬೇಡ ಅಂತ ಹೇಳುವುದಿಲ್ಲ.

ಸೋಮವಾರ ಬಡಾವಣೆಯ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿದೆ. ಅವರು ಫೋನಿನ ಗ್ರಾಫನ್ನು ನೋಡಲೇ ಇಲ್ಲ. ಕಾರಿನ ಹಿಂದೆ ಹೋಗಿ ಬಂಪರಿನ ಮೇಲೆ ಬೆರಳು ಎಳೆದರು. ಬೆರಳು ಕಪ್ಪಾಯಿತು. ಮುಂದೆ ಬಂದು ಬಾನೆಟ್ ಎತ್ತಿ, ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಪೈಪಿನ ತಳಕ್ಕೆ ಕೈ ಹಾಕಿ, ಕಣ್ಣು ಬೇರೆ ಕಡೆ ಇಟ್ಟುಕೊಂಡೇ ತಡವಿದರು. ಕೈ ಒಂದು ಕಡೆ ನಿಂತಿತು.

"ರೇಸ್ ಮಾಡು" ಅಂದರು ಬಾಮೈದನಿಗೆ. ಅವನು ಮಾಡಿದ. ಸುಸ್ಸ್ ಅಂತ ಗಾಳಿ.

"ಪೈಪ್ ಸೀಳಿದೆ ಸಾರ್. ವಯಸ್ಸಾಗಿದೆ ರಬ್ಬರಿಗೆ. ಟರ್ಬೊ ಊದಿದ್ದೆಲ್ಲ ಹೊರಗೆ ಹೋಗ್ತಾ ಇದೆ. ಡೀಸೆಲ್ ಮಾತ್ರ ಗಾಳಿ ಬಂದಿದೆ ಅನ್ಕೊಂಡು ಬೀಳ್ತಾ ಇದೆ. ಅದಕ್ಕೇ ಹಿಂದೆ ಮಸಿ."

"ಸಾಫ್ಟ್‌ವೇರ್ ಹಾಕಿದ್ರೆ?" ಅಂದ ಬಾಮೈದ.

"ಹಾಕಪ್ಪ. ಹೊಗೆ ಬರುತ್ತೆ. ಪಿಕಪ್ ಬರಲ್ಲ."

ಜೆ.ಸಿ. ರೋಡಿಗೆ ಹೋದೆವು. ಅಲ್ಲಿ ಬಿಡಿಭಾಗ ಸಿಗುವುದು ಸುಲಭ, ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಕೌಂಟರಿನವರು ಹಳೇ ಪೈಪನ್ನು ಕೈಯಲ್ಲಿ ಹಿಡಿದು, ಮಾಡೆಲ್ ಕೇಳದೆಯೇ, "ಒರಿಜಿನಲ್ಲಾ, ಲೋಕಲ್ಲಾ?" ಅಂದರು. ಬಾಮೈದ "ಸಿಲಿಕೋನ್ ಇದ್ಯಾ? ಕೆಂಪು ಬಣ್ಣದ್ದು?" ಅಂದ. ನಾನು ಒರಿಜಿನಲ್ ಅಂದೆ. ಜೊತೆಗೆ ಎರಡು ಕ್ಲಿಪ್ಪು. ಅವನಿಗೆ ಸಮಾಧಾನಕ್ಕೆ ಇರಲಿ ಅಂತ ಹೊಸ ಏರ್ ಫಿಲ್ಟರನ್ನೂ ಕೊಂಡೆ, ಕಂಪನಿಯದೇ.

ಪೈಪ್ ಹಾಕಿದ ಮೇಲೆ ಅದೇ ಏರಿನಲ್ಲಿ ಹೋದರೆ ಫೋನಿನಲ್ಲಿ 200 ದಾಟಿತು. ಬೆನ್ನು ಸೀಟಿಗೆ ಒತ್ತಿತು. ಬಾಮೈದ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಸಾಫ್ಟ್‌ವೇರ್ ಹಾಕಿದ್ರೆ ಹೇಗಿರುತ್ತೆ ಯೋಚ್ನೆ ಮಾಡಿ" ಅಂದ. ಮೇಸ್ತ್ರಿ ಅದಕ್ಕೂ ಲೆಕ್ಕ ಕೊಟ್ಟಿದ್ದರು. ಲಕ್ಷ ಕಿಲೋಮೀಟರ್ ಹತ್ತಿರ ಬಂದ ಕ್ಲಚ್ಚಿಗೆ ಇನ್ನಷ್ಟು ಟಾರ್ಕ್ ಕೊಟ್ಟರೆ ಅದು ಜಾರತೊಡಗುತ್ತದೆ. ಎಂಜಿನ್ ಕೂಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಕೂಲಿ. ಸಾಫ್ಟ್‌ವೇರಿನ ಬೆಲೆಗೆ ಇದನ್ನೂ ಸೇರಿಸಿ ಅಂದರು. ಸೇರಿಸಿದೆ. ಸಾಫ್ಟ್‌ವೇರ್ ಸದ್ಯಕ್ಕೆ ಬೇಡ, ಕ್ಲಚ್ ತಾನಾಗಿಯೇ ಹೋದ ದಿನ ಮತ್ತೆ ಮಾತಾಡೋಣ ಅಂತ ತೀರ್ಮಾನವಾಯಿತು. ತೀರ್ಮಾನ ನನ್ನದು, ಮುಖ ಸಪ್ಪೆ ಮಾಡಿಕೊಂಡವನು ಅವನು.

ರಾತ್ರಿ ಊಟಕ್ಕೆ ಮಾವನ ಮುಂದೆ ಅವನು ಕೊನೆಯ ಪ್ರಯತ್ನ ಮಾಡಿದ. ಟೆಸ್ಲಾ ಕಂಪನಿ 2019ರಲ್ಲಿ ತನ್ನ ಮಾಡೆಲ್ 3ರ ಒಂದು ಮಾದರಿಗೆ 2,000 ಡಾಲರಿನ ಸಾಫ್ಟ್‌ವೇರ್ ಮಾರಿದ ಕಥೆ ತೆಗೆದ. ಒಂದು ಬೋಲ್ಟನ್ನೂ ಮುಟ್ಟುವಂತಿಲ್ಲ. ದುಡ್ಡು ಕಟ್ಟಿದರೆ ಗಾಳಿಯಲ್ಲೇ ಸಾಫ್ಟ್‌ವೇರ್ ಬಂದು ಕೂರುತ್ತದೆ, 60 ಮೈಲಿ ವೇಗಕ್ಕೆ 4.4 ಸೆಕೆಂಡ್ ಹಿಡಿಯುತ್ತಿದ್ದ ಕಾರು 3.9ಕ್ಕೆ ಮುಟ್ಟುತ್ತದೆ.

ಮಾವ ಸಾರಿನ ತಟ್ಟೆಯಿಂದ ತಲೆ ಎತ್ತಿದರು. "ಅಂದ್ರೆ ಆ ಶಕ್ತಿ ಮೊದ್ಲಿಂದ್ಲೂ ಕಾರಲ್ಲೇ ಇತ್ತಾ?"

"ಹೂಂ ಅಪ್ಪ."

"ಹಸು ಮಾರಿದೋನು, ನಾಲ್ಕನೇ ಮೊಲೆ ಕರೆಯೋಕೆ ಬೇರೆ ದುಡ್ಡು ಕೊಡಿ ಅಂದ ಹಾಗಾಯ್ತು!"

ಬಾಮೈದನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಆದರೆ ಡಾಂಗಲ್ ಇತ್ತು. ಈಗ ಅವನ ಕಣ್ಣು ಮಾವನ ಪೆಟ್ರೋಲ್ ಕಾರಿನ ಮೇಲಿದೆ. ಅದಕ್ಕೆ ಟರ್ಬೊ ಇಲ್ಲ, ಹಾಕಿಸಬಹುದು ಅನ್ನುತ್ತಾನೆ. ಮಾವ ಏನೂ ಅನ್ನುವುದಿಲ್ಲ. ಕಾರಿನ ಕೀಲಿಯನ್ನು ದೇವರ ಮನೆಯಲ್ಲಿ ಇಡತೊಡಗಿದ್ದಾರೆ. ಸ್ನಾನ ಮಾಡದೆ ಅಲ್ಲಿಗೆ ಕಾಲಿಡುವಂತಿಲ್ಲ. ರಜೆಯ ದಿನ ಬಾಮೈದ ಸ್ನಾನಕ್ಕೆ ಹೋಗುವುದು ಮಧ್ಯಾಹ್ನ ಊಟದ ಹೊತ್ತಿಗೆ, ಅಷ್ಟರಲ್ಲಿ ಮಾವ ಕಾರು ತೆಗೆದುಕೊಂಡು ಹೋಗಿರುತ್ತಾರೆ.