ಗಾಡಿ ಹೋಯ್ತು, ಹೆಸರು ಉಳೀತು

2023ರ ಫೆಬ್ರುವರಿ. ಬಾಕಿ ಇರುವ ಟ್ರಾಫಿಕ್ ದಂಡದಲ್ಲಿ ಅರ್ಧ ಕಟ್ಟಿದರೆ ಸಾಕು ಅಂತ ಸರ್ಕಾರ ಹೇಳಿದ್ದೇ ತಡ, ನಮ್ಮ ಕಾಲೇಜಿನ ಸ್ಟಾಫ್ ರೂಮು ಆಷಾಢ ಸೇಲಿನ ಸೀರೆ ಅಂಗಡಿಯಂತಾಯಿತು. ಕನ್ನಡ ಮೇಡಂಗೆ ಎರಡು ಕೇಸು, ಲೈಬ್ರರಿಯವರಿಗೆ ಒಂಬತ್ತು. "ನನಗೇನ್ರೀ, ಗಾಡಿ ಮಾರಿ ಏಳು ತಿಂಗಳಾಯ್ತು" ಅಂತ ನಾನು ಡಬ್ಬಿ ಬಿಚ್ಚಿದೆ. ಸುಮ್ನೆ ಊಟ ಮಾಡಬಾರದೇ? ತಮಾಷೆಗೆ ಅಂತ ಹಳೇ ಸ್ಕೂಟರಿನ ನಂಬರ್ ಹಾಕಿ ನೋಡಿದೆ.

ಆರು ಕೇಸು. ಆರೂ ಹೆಲ್ಮೆಟ್ ಇಲ್ಲದ್ದು. ತಲಾ 500, ಒಟ್ಟು 3,000.

ಜೊತೆಗೆ ಫೋಟೊ. ಒಂದರಲ್ಲಿ ನನ್ನ ಸ್ಕೂಟರು ಆಯುಧಪೂಜೆ ಮುಗಿಸಿಕೊಂಡು ಹೊರಟಿದೆ. ಹ್ಯಾಂಡಲಿನ ಎರಡೂ ಕಡೆ ಬಾಳೆಕಂದು, ಮುಂದೆ ಚೆಂಡುಹೂವಿನ ಹಾರ, ನಂಬರ್ ಪ್ಲೇಟಿನ ಅಂಚಿಗೆ ಅರಿಶಿನ ಕುಂಕುಮ. ನನ್ನ ಹತ್ತಿರ ಇದ್ದಾಗ ಅದಕ್ಕೆ ವರ್ಷಕ್ಕೊಂದು ಮೊಳ ಸೇವಂತಿಗೆ ಸಿಕ್ಕಿದರೆ ಹೆಚ್ಚು. ಆ ಕುಂಕುಮವನ್ನು ಇನ್ನೊಂದು ಇಂಚು ಪಕ್ಕಕ್ಕೆ ಬಳಿದಿದ್ದರೆ ನನ್ನ 500 ಉಳಿಯುತ್ತಿತ್ತು.

ದುಡ್ಡಿಗಿಂತ ಜಾಸ್ತಿ ಹೋದದ್ದು ಮಾನ. ಯಾಕೆಂದರೆ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಹಿಂದಿನ ವಾರವಷ್ಟೇ ಎಂ.ಎ. ಮಕ್ಕಳಿಗೆ ಜಾನ್ ಆರ್. ಕಾಮನ್ಸ್ ಪಾಠ ಮಾಡಿದ್ದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದವರು. ಉಳಿದವರೆಲ್ಲ ಸರಕು, ಬೆಲೆ ಅಂತ ಲೆಕ್ಕ ಹಾಕುತ್ತಿದ್ದಾಗ, ನೋಡಬೇಕಾದ್ದು ಸರಕನ್ನಲ್ಲ, ಜನರ ನಡುವಿನ ವ್ಯವಹಾರವನ್ನು ಅಂದವರು. 1934ರಲ್ಲಿ ಬಂದ ಅವರ ದಪ್ಪ ಪುಸ್ತಕದ ತಿರುಳು ಇದೇ. ವಸ್ತು ಕೈ ಬದಲಾಯಿಸೋದು ಬೇರೆ, ಅದರ ಮೇಲಿನ ಹಕ್ಕು ಬದಲಾಗೋದು ಬೇರೆ. ಮೊದಲನೆಯದಕ್ಕೆ ಕೈ ಸಾಕು, ಎರಡನೆಯದಕ್ಕೆ ಕಾನೂನು ಬೇಕು. ಇದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಗಾಡಿ ಮಾರಿದ್ದು ನಮ್ಮ ಬೀದಿಯ ಜೆರಾಕ್ಸ್ ಅಂಗಡಿ ಹುಡುಗನಿಗೆ. ಚೌಕಾಸಿಯಲ್ಲಿ ಇಬ್ಬರಿರುತ್ತಾರೆ ಅಂತ ನಾವು ತಿಳಿದಿರುತ್ತೇವೆ. ಕಾಮನ್ಸ್ ಲೆಕ್ಕದಲ್ಲಿ ಐದು ಜನ. ಕೊಳ್ಳುವವರಿಬ್ಬರು, ಮಾರುವವರಿಬ್ಬರು, ಜಗಳವಾದರೆ ತೀರ್ಪು ಹೇಳೋಕೆ ಒಬ್ಬ. ಅಲ್ಲಿ ಆಗಿದ್ದೂ ಹಾಗೇ. 5,000ಕ್ಕೆ ಕೇಳಿದ್ದ ಗುಜರಿಯವನು ನನ್ನ ತಲೆಯಲ್ಲಿದ್ದ. 18,000 ಹೇಳಿದ್ದ ಸೆಕೆಂಡ್ ಹ್ಯಾಂಡ್ ಅಂಗಡಿಯವನು ಹುಡುಗನ ತಲೆಯಲ್ಲಿದ್ದ. ನಮ್ಮ ಮಾತೆಲ್ಲ ಆ ಇಬ್ಬರ ಮಧ್ಯದಲ್ಲೇ ಓಡಾಡಿತು.

"ಆಷಾಢ ಅಕ್ಕಾ, ಈ ತಿಂಗಳು ಯಾರು ಗಾಡಿ ತಗೋತಾರೆ ಹೇಳಿ? ಹನ್ನೆರಡಕ್ಕೆ ಕೊಟ್ಬಿಡಿ."

ಕೊಟ್ಟೆ. ಹೆಲ್ಮೆಟ್ಟೂ ಕೊಡಿ ಅಂದ. ಗುಲಾಬಿ ಬಣ್ಣದ್ದು, ಒಳಗಿನ ಸ್ಪಂಜು ಕಿತ್ತು ಬಂದಿತ್ತು. "ಅದಕ್ಕೆ ಬೇರೆ 300" ಅಂದೆ. ಹಾಗಾದ್ರೆ ಬೇಡ ಅಂದ. ಗೆದ್ದವಳ ಹಾಗೆ ಒಳಗೆ ತಂದಿಟ್ಟೆ.

"ಹೆಸರು ಬದಲಾಯಿಸಬೇಕಲ್ಲಪ್ಪಾ?"

"ಶ್ರಾವಣ ಬರಲಿ ಅಕ್ಕಾ. ಆಷಾಢದಲ್ಲಿ ಗಾಡಿ ತಗೊಂಡೆ ಅಂತ ಅಮ್ಮಂಗೇ ಹೇಳಿಲ್ಲ, ಆರ್‌ಟಿಒಗೆ ಹೇಳ್ತೀನಾ?"

ಒಳ್ಳೇ ಮಾತು ಅನ್ನಿಸಿತು. ನನಗೂ ಅದೇ ಬೇಕಿತ್ತು ಅನ್ನಿ. ಫಾರಂ 29, ಫಾರಂ 30, ಅರ್ಧ ದಿನದ ರಜೆ, ಕ್ಯೂ. ವ್ಯವಹಾರ ಮಾಡೋದಕ್ಕೇ ಒಂದು ಖರ್ಚಿದೆ ಅಂತ ರೊನಾಲ್ಡ್ ಕೋಸ್ ಅನ್ನೋ ಇನ್ನೊಬ್ಬ ಅರ್ಥಶಾಸ್ತ್ರಜ್ಞರು 1937ರಲ್ಲೇ ಬರೆದಿದ್ದರು. ಆ ಖರ್ಚನ್ನು ನಾನು ಉಳಿಸಿದ್ದೆ! ಮಾರಿದ 14 ದಿನದೊಳಗೆ ಮಾರಿದವರೇ ಆರ್‌ಟಿಒಗೆ ತಿಳಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ ಕೂಡ 2018ರಲ್ಲಿ ಹೇಳಿದೆ. ಅದು ಅಪಘಾತದ ಪರಿಹಾರದ ಕೇಸು. ಓದುವಾಗ ಬೆನ್ನು ತಣ್ಣಗಾಯಿತು. ನನ್ನದು ಬರೀ ಹೆಲ್ಮೆಟ್ಟು, ದೇವರು ದೊಡ್ಡವನು. ಅಂತೂ ಚೌಕಾಸಿಯ ದಿನ ನಾನು ಮರೆತಿದ್ದ ಆ ಐದನೆಯವನು ಸಿಗ್ನಲ್ ಕಂಬದ ಮೇಲೆ ಕ್ಯಾಮರಾ ಆಗಿ ಕೂತಿದ್ದ.

ಸಂಜೆ ಜೆರಾಕ್ಸ್ ಅಂಗಡಿಗೆ ನುಗ್ಗಿದೆ. ಹುಡುಗ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದ.

"ಇದು ನಾನಲ್ಲ ಅಕ್ಕಾ. ಸೆಪ್ಟೆಂಬರಲ್ಲೇ ಗಾಡಿ ಕೊಟ್ಬಿಟ್ನಲ್ಲ."

"ಎಷ್ಟಕ್ಕೆ?"

"ಹದಿನಾಲ್ಕು."

ತನ್ನ ಹೆಸರಿಗೇ ಬಾರದ ಗಾಡಿಯಲ್ಲಿ 2,000 ಲಾಭ. ಇವನು ನನ್ನ ಕ್ಲಾಸಿಗೆ ಬರಬೇಕಿತ್ತೋ, ನಾನು ಇವನ ಅಂಗಡಿಗೆ ಹೋಗಬೇಕಿತ್ತೋ.

ದಂಡ 1,500 ನಾನೇ ಕಟ್ಟಿದೆ. ಅಭ್ಯಾಸಬಲದಿಂದ "ಇನ್ನೂ ಸ್ವಲ್ಪ ಕಡಿಮೆ ಆಗಲ್ವಾ ಸಾರ್?" ಅಂತ ಕೇಳಿ, ಪೊಲೀಸರಿಂದ ಒಂದು ನೋಟ ಪಡೆದೆ. ಕಾಮನ್ಸ್ ಪ್ರಕಾರ ಇದು ಬೇರೆ ಜಾತಿಯ ವ್ಯವಹಾರ. ಮೇಲಿನವರು ಎಷ್ಟು ಅಂತ ಗೊತ್ತು ಮಾಡುತ್ತಾರೆ, ಕೆಳಗಿನವರು ಅಷ್ಟು ಕೊಡುತ್ತಾರೆ.

ಭಾನುವಾರ ಬಾಳೆಕಂದಿನ ಯಜಮಾನರೇ ಮನೆಗೆ ಬಂದರು. ಬಹಳ ಒಳ್ಳೆಯವರು, ಬರುವಾಗ ಅರ್ಧ ಕೆಜಿ ದ್ರಾಕ್ಷಿ ತಂದಿದ್ದರು. ಫಾರಮ್ಮಿಗೆ ಚಾಸಿ ನಂಬರಿನ ಅಚ್ಚು ಬೇಕು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಕು. ಅವರು ನೆಲಕ್ಕೆ ಮಲಗಿ ಉಜ್ಜಿದರು, ನಾನು ಮೊಬೈಲ್ ಟಾರ್ಚ್ ಹಿಡಿದೆ. ಮೂರು ಸಲ ಉಜ್ಜಿದರೂ ಕೊನೆಯ ಅಂಕಿ 8ಓ 3ಓ ಗೊತ್ತಾಗಲಿಲ್ಲ. ಜೆರಾಕ್ಸ್ ಹುಡುಗ ನಿಂತು ನೋಡಿ, ಫಾರಮ್ಮಿನ ಎರಡು ಕಾಪಿಗೆ ಎಂಟು ರೂಪಾಯಿ ಇಸಕೊಂಡು ಹೋದ.

ರುಜುವೆಲ್ಲ ಮುಗಿದ ಮೇಲೆ ಅವರು ಸ್ಕೂಟರ್ ಸ್ಟಾರ್ಟ್ ಮಾಡಿದರು. ತಲೆ ಬೋಳು.

"ರೀ, ನಿಲ್ರೀ! ಆರ್‌ಸಿ ಬರೋವರೆಗೂ ಅದು ನನ್ನ ಗಾಡಿ!"

ಒಳಗೆ ಓಡಿ ಗುಲಾಬಿ ಹೆಲ್ಮೆಟ್ ತಂದು ಕೈಗಿಟ್ಟೆ.

"ಎಷ್ಟಾಯ್ತು ಮೇಡಂ ಇದಕ್ಕೆ?"

"ಏನೂ ಬೇಡ. ಹಾಕ್ಕೊಳ್ಳಿ ಸಾಕು."

ಬಹಳ ಉಪಕಾರ ಆಯ್ತು ಅಂತ ಕೈ ಮುಗಿದು ಹೊರಟರು. ಗೇಟಿನ ಹತ್ತಿರ ನಿಂತು ನೋಡಿದೆ. ಬೀದಿ ಕೊನೆಯಲ್ಲಿ ಅವರು ತಿರುಗುವಾಗ ಹೆಲ್ಮೆಟ್ಟು ಮೊಣಕೈಯಲ್ಲಿ ತೂಗಾಡುತ್ತಿತ್ತು.