ನಮ್ಮದೇ ಓಎಸ್ ಮಾಡಿದ್ದಾಯಿತು, ಅದಕ್ಕೆ ಅಪ್‌ಡೇಟ್ ಕೊಡುವವರು ಯಾರು?

ಕಳೆದ ತಿಂಗಳು ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನವರು ಅಂತಿಮ ವರ್ಷದ ಪ್ರಾಜೆಕ್ಟ್‌ಗಳನ್ನು ನೋಡಿ ಅಂಕ ಹಾಕುವುದಕ್ಕೆ ನನ್ನನ್ನು ಕರೆದಿದ್ದರು. ಅವುಗಳಲ್ಲಿ ಒಂದು ತಂಡ ‘ಕನ್ನಡದ್ದೇ ಆದ ಆಪರೇಟಿಂಗ್ ಸಿಸ್ಟಮ್’ ಮಾಡಿತ್ತು. ಲ್ಯಾಪ್‌ಟಾಪ್ ಆನ್ ಆಗುತ್ತಿದ್ದಂತೆ ಕುದುರೆಯ ಮೇಲೆ ಕೂತ ಕಿತ್ತೂರು ಚೆನ್ನಮ್ಮ, ಕೆಳಗೆ ನಿಧಾನವಾಗಿ ತುಂಬುವ ಹಳದಿ-ಕೆಂಪು ಪಟ್ಟಿ, ಒಳಗೆ ಹೋದರೆ ಕನ್ನಡದ ಮೆನು, ನಾಲ್ಕೈದು ಫಾಂಟ್, ಒಂದು ನಿಘಂಟು. ಆರು ತಿಂಗಳು ನಿದ್ದೆಗೆಟ್ಟು ಮಾಡಿದ್ದರು, ಕೆಲಸ ಅಚ್ಚುಕಟ್ಟಾಗಿಯೂ ಇತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬರುವ ವಾರ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಒಂದು ಭದ್ರತೆಯ ತೂತು ಸಿಕ್ಕಿತು ಎಂದುಕೊಳ್ಳಿ, ನಿಮ್ಮ ಓಎಸ್ ಹಾಕಿಕೊಂಡವರಿಗೆ ಅದನ್ನು ಮುಚ್ಚುವ ಅಪ್‌ಡೇಟ್ ಎಲ್ಲಿಂದ ಬರುತ್ತದೆ? ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಗೆ ಒರಗಿ ನಿಂತಿದ್ದ ನಾಲ್ಕನೆಯವನು ಮಾತ್ರ, ‘ಉಬುಂಟು ಕಡೆಯಿಂದನ ಬರತೈತ್ರಿ ಸರ್’ ಎಂದ. ಅವರ ಗೈಡ್ ಮೇಡಂ ಅವನತ್ತ ಕಣ್ಣು ಬಿಟ್ಟರು.

ಅವನ ಉತ್ತರ ಸರಿಯಾಗಿತ್ತು. ಅವರ ಓಎಸ್ ಕಟ್ಟಿದ್ದು ಉಬುಂಟು ಮೇಲೆ, ಅಂದರೆ ಲಿನಕ್ಸ್ ಜೊತೆಗೆ ಬೇಕಾದ ಸಾಫ್ಟ್‌ವೇರ್‌ಗಳನ್ನೂ ಸೇರಿಸಿ ಕೊಡುವ ಒಂದು ‘ಡಿಸ್ಟ್ರಿಬ್ಯೂಷನ್’ ಮೇಲೆ. ಆ ಉತ್ತರಕ್ಕೆ ನಾನು ಅಂಕವನ್ನೂ ಕೊಟ್ಟೆ. ಆದರೆ ಆ ಉತ್ತರದೊಳಗೆ ಇರುವ ಮಾತನ್ನು ಅಲ್ಲಿ ಹತ್ತು ನಿಮಿಷದಲ್ಲಿ ಬಿಡಿಸಿ ಹೇಳುವುದಕ್ಕೆ ಆಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಒಂದು ವಸ್ತು ಯಾರದು ಎಂಬುದು ಅದನ್ನು ಕಟ್ಟಿದ ದಿನ ತೀರ್ಮಾನವಾಗುವುದಿಲ್ಲ. ಮುಂದಿನ ಹತ್ತು ವರ್ಷ ಅದರ ನಿಗಾ ನೋಡುವವರು ಯಾರೋ ಅವರದು ಅದು. ಡಿಸ್ಟ್ರಿಬ್ಯೂಷನ್‌ಗಳಿಗೆ ಏಕರೂಪ ತರುವ ಪ್ರಯತ್ನಗಳು ಎಲ್ಲಿ ಸೋತವು ಎಂದು ಹುಡುಕಿದರೂ ಕೊನೆಗೆ ಸಿಗುವುದು ಇದೇ ಕಾರಣ.

ಈ ಎಲ್ಲ ಡಿಸ್ಟ್ರಿಬ್ಯೂಷನ್‌ಗಳ ತಿರುಳಾದ ಲಿನಕ್ಸ್ ಕರ್ನಲ್‌ನ ಉದಾಹರಣೆಯನ್ನೇ ನೋಡೋಣ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಹೇಳಿಕೊಂಡ ಕಥೆ ಎಲ್ಲರಿಗೂ ಗೊತ್ತು. ಆದರೆ ಕೌತುಕ ಇರುವುದು ಆ ಹವ್ಯಾಸದಲ್ಲಲ್ಲ, ಅದರ ನಂತರದ ಏಕತಾನದ ದಿನಚರಿಯಲ್ಲಿ. ಇವತ್ತು ಕರ್ನಲ್‌ನಲ್ಲಿ ಮೂರು ಕೋಟಿಗೂ ಹೆಚ್ಚು ಸಾಲುಗಳಿವೆ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ: ಮೊದಲ ಎರಡು ವಾರ ಮರ್ಜ್ ವಿಂಡೋ, ಅಷ್ಟರೊಳಗೆ ಹೊಸದೆಲ್ಲ ಒಳಗೆ ಬಂದುಬಿಡಬೇಕು; ಆಮೇಲೆ ಏಳೋ ಎಂಟೋ ಭಾನುವಾರ ಒಂದೊಂದು ಪರೀಕ್ಷಾ ಆವೃತ್ತಿ, ಆ ಅವಧಿಯಲ್ಲಿ ತಿದ್ದುಪಡಿಗೆ ಮಾತ್ರ ಜಾಗ. ಪ್ರತಿ ಆವೃತ್ತಿಗೂ ಸುಮಾರು 2000 ಜನರಿಂದ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಬರುತ್ತವೆ. ಪ್ರತಿಯೊಂದರ ಕೆಳಗೂ ಬರೆದವರ ‘ಸೈನ್ಡ್ ಆಫ್ ಬೈ’ ಸಾಲು ಇರಲೇಬೇಕು, ಅಂದರೆ ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ಹಾಕುವ ರುಜು. ಅದು ಮುಂದೆ ಯಾರ ಯಾರ ಕೈ ದಾಟುತ್ತದೋ ಅವರೂ ತಮ್ಮ ರುಜು ಸೇರಿಸುತ್ತಾರೆ. 2003ರಲ್ಲಿ ಎಸ್‌ಸಿಓ ಕಂಪನಿ ಲಿನಕ್ಸ್ ವಿಚಾರಕ್ಕೆ ಐಬಿಎಂ ಮೇಲೆ ದಾವೆ ಹೂಡಿದ ಬಿಸಿಯಲ್ಲಿ, 2004ರಲ್ಲಿ ಈ ಪದ್ಧತಿ ಬಂತು.

ಕರ್ನಲ್‌ನೊಳಗೆ ನನಗೆ ಅತ್ಯಂತ ಇಷ್ಟವಾದ ಕಡತ ಕೋಡ್ ಇರುವುದೇ ಅಲ್ಲ, ‘ಮೇಂಟೇನರ್ಸ್’ ಎಂಬ ಹೆಸರಿನ ಒಂದು ದೊಡ್ಡ ಪಟ್ಟಿ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ, ತಿದ್ದುಪಡಿಯನ್ನು ಯಾರಿಗೆ ಕಳುಹಿಸಬೇಕು ಎಂಬುದು ಅದರಲ್ಲಿದೆ. ಜೊತೆಗೆ ಪ್ರತಿ ಭಾಗದ ಸ್ಥಿತಿಯನ್ನೂ ಅಲ್ಲಿ ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ‘ಸಪೋರ್ಟೆಡ್’ ಎಂದರೆ ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ. ‘ಮೇಂಟೇನ್ಡ್’ ಎಂದರೆ ನೋಡಿಕೊಳ್ಳುವವರಂತೂ ಇದ್ದಾರೆ. ‘ಆಡ್ ಫಿಕ್ಸಸ್’ ಎಂದರೆ ಹೆಸರಿಗೆ ಒಬ್ಬರಿದ್ದಾರೆ, ಅವರಿಗೆ ಪುರುಸೊತ್ತಿಲ್ಲ. ‘ಆರ್ಫನ್’ ಎಂದರೆ ಅನಾಥ. ನಮ್ಮ ಕಚೇರಿಗಳು ದುಡ್ಡು ಕೊಟ್ಟು ಮಾಡಿಸಿಕೊಂಡ ಆ್ಯಪ್‌ಗಳಿಗೂ ಇಂಥದೊಂದು ಪಟ್ಟಿಯನ್ನು ಕಡ್ಡಾಯ ಮಾಡಿದರೆ ಕೊನೆಯ ಕಾಲಂ ಎಷ್ಟು ಉದ್ದವಾದೀತು ಎಂದು ಆಗಾಗ ಯೋಚಿಸುತ್ತೇನೆ.

ಈ ಇಡೀ ವ್ಯವಸ್ಥೆಯನ್ನು ಹಿಡಿದಿಟ್ಟಿರುವುದು ಒಂದು ನಿಯಮ: ನಿನ್ನೆ ಓಡುತ್ತಿದ್ದ ಪ್ರೋಗ್ರಾಮ್ ಇವತ್ತಿನ ಕರ್ನಲ್ ಮೇಲೂ ಓಡಬೇಕು. ಕರ್ನಲ್‌ನದೇ ಒಂದು ತಪ್ಪು ವರ್ತನೆಯನ್ನು ಯಾವುದಾದರೂ ಪ್ರೋಗ್ರಾಮ್ ನೆಚ್ಚಿಕೊಂಡಿದ್ದರೆ ಆ ತಪ್ಪನ್ನೂ ಉಳಿಸಿಕೊಳ್ಳಬೇಕಾಗಿ ಬರುತ್ತದೆ. ಇದನ್ನು ಮುರಿದ ನಿರ್ವಾಹಕರಿಗೆ ಟೊರ್ವಾಲ್ಡ್ಸ್ ಬೈದ ಬೈಗುಳಗಳು ಪ್ರಸಿದ್ಧವಾಗಿವೆ. ಆ ಧಾಟಿಯ ಬಗ್ಗೆ 2018ರಲ್ಲಿ ಅವರೇ ಕ್ಷಮೆ ಕೇಳಿದರು, ನಿಯಮವನ್ನು ಮಾತ್ರ ಸಡಿಲಿಸಲಿಲ್ಲ. ಆದರೆ ಈ ಭರವಸೆ ಹೊರಬಾಗಿಲಿಗೆ ಮಾತ್ರ. ಮನೆಯ ಒಳಗೆ, ಕರ್ನಲ್‌ನ ಭಾಗಭಾಗಗಳು ಒಂದನ್ನೊಂದು ಕರೆಯುವ ರೀತಿಯಲ್ಲಿ, ಯಾವುದನ್ನು ಬೇಕಾದರೂ ಯಾವಾಗ ಬೇಕಾದರೂ ಬದಲಿಸುತ್ತೇವೆ ಎಂಬುದು ಅವರ ಘೋಷಿತ ನೀತಿ. ಇದರ ಅರ್ಥ ನನಗೆ ಆದದ್ದು ಓದಿ ಅಲ್ಲ, ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಬೈಸಿಕೊಂಡು.

ಅಲ್ಲಿ ಹೈಡ್ರಾಲಿಕ್ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತಯಾರಾದ ಪ್ರತಿ ವಾಲ್ವ್ ಅನ್ನು ಒಂದು ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಎಣ್ಣೆಯ ಒತ್ತಡ ಕೊಟ್ಟು ಅಳೆಯುತ್ತಾರೆ, ಆ ಅಳತೆಯನ್ನು ಕಂಪ್ಯೂಟರ್‌ಗೆ ತರುವುದು ಒಳಗೆ ಸಿಕ್ಕಿಸಿದ ಒಂದು ಡೇಟಾ ಕಾರ್ಡ್. ಕಾರ್ಡನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಕರ್ನಲ್‌ನೊಳಗೆ ಇಲ್ಲ. ತಯಾರಕರು ಒಂದು ಸಿಡಿಯಲ್ಲಿ ಮೂಲ ಕೋಡ್ ಕೊಟ್ಟು ಕೈತೊಳೆದುಕೊಂಡಿದ್ದರು. 2021ರ ಒಂದು ಭಾನುವಾರ ಸಂಜೆ, ಉಬುಂಟು 20.04 ಇದ್ದ ಆ ಯಂತ್ರಕ್ಕೆ ಬಾಕಿಯಿದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಮನೆಗೆ ಹೋದೆ. ಕರ್ನಲ್ 5.4ರಿಂದ 5.8ಕ್ಕೆ ಹೋಗಿದ್ದನ್ನು ನಾನು ಗಮನಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು: ಬೆಂಚ್ ಸತ್ತಿದೆ, ಲಾರಿ ಬಾಗಿಲಲ್ಲಿದೆ, ಪರೀಕ್ಷಾ ವರದಿಯಿಲ್ಲದೆ ಮಾಲು ಹೊರಗೆ ಹೋಗುವಂತಿಲ್ಲ.

ಹೋಗಿ ನೋಡಿದರೆ ಹೊಸ ಕರ್ನಲ್‌ಗೆ ಡ್ರೈವರ್ ಕಂಪೈಲೇ ಆಗಿರಲಿಲ್ಲ, ಅಂದರೆ ಮೂಲ ಕೋಡ್ ಯಂತ್ರ ಓಡಿಸುವ ರೂಪಕ್ಕೆ ಬಂದಿರಲಿಲ್ಲ. ಕಾರಣ ಒಂದು ಸಾಲು. ಕಾರ್ಡಿನ ಮೆಮೊರಿಯನ್ನು ಕರ್ನಲ್‌ನ ವಿಳಾಸಗಳಿಗೆ ಜೋಡಿಸುವುದಕ್ಕೆ ಅದು ‘ಐಓರಿಮ್ಯಾಪ್ ನೋಕ್ಯಾಶ್’ ಎಂಬ ಫಂಕ್ಷನ್ ಕರೆಯುತ್ತಿತ್ತು, 5.6ರಲ್ಲಿ ಆ ಹೆಸರನ್ನೇ ತೆಗೆದುಹಾಕಿದ್ದರು. ಸಾದಾ ‘ಐಓರಿಮ್ಯಾಪ್’ ಅದೇ ಕೆಲಸ ಮಾಡುತ್ತಿದ್ದುದರಿಂದ ಎರಡು ಹೆಸರು ಬೇಡವೆಂದು ಕಿತ್ತಿದ್ದರು, ಅಷ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಆ ಒಂದು ಪದ ಅಳಿಸಿದೆ, ಬೆಂಚ್ ಎದ್ದಿತು, ಲಾರಿ ಹೋಯಿತು. ಮಾಲೀಕರು ಚಹಾ ತರಿಸಿದರು, ಆದರೆ ಅರ್ಧ ದಿನದ ಲೆಕ್ಕವನ್ನು ಇವತ್ತಿಗೂ ನೆನಪಿಸುತ್ತಾರೆ.

ಆ ದಿನ ನನಗೆ ಸಿಟ್ಟು ಬಂದದ್ದು ಕರ್ನಲ್‌ನವರ ಮೇಲೆ. ಯಾರದೋ ಅಚ್ಚುಕಟ್ಟುತನದ ಹುಚ್ಚಿಗೆ ಇಲ್ಲಿ ಲಾರಿ ನಿಲ್ಲಬೇಕೇ ಎಂದು. ಆದರೆ ಮನೆಗೆ ಬಂದು ಆ ಬದಲಾವಣೆಯ ಚರಿತ್ರೆ ತೆಗೆದು ನೋಡಿದಾಗ ಸಿಟ್ಟಿನ ದಿಕ್ಕು ತಿರುಗಿತು. ಹೆಸರು ಕಿತ್ತವರೇ ಕರ್ನಲ್‌ನೊಳಗೆ ಅದನ್ನು ಬಳಸುತ್ತಿದ್ದ ಡ್ರೈವರ್‌ಗಳನ್ನೆಲ್ಲ ತಾವೇ ತಿದ್ದಿದ್ದರು. ನಮ್ಮ ಕಾರ್ಡಿನ ಡ್ರೈವರ್ ಒಳಗಿದ್ದಿದ್ದರೆ ಅದೂ ಅವರ ಕೈಯಿಂದಲೇ ಪುಕ್ಕಟೆಯಾಗಿ ತಿದ್ದಿಸಿಕೊಂಡು ಬರುತ್ತಿತ್ತು, ನಮಗೆ ಸುದ್ದಿಯೂ ತಿಳಿಯುತ್ತಿರಲಿಲ್ಲ. ಹೊರಗಿದ್ದ ಕೂಸಿಗೆ ಊಟ ಸಿಗಲಿಲ್ಲ. ಕರ್ನಲ್‌ನ ಒಳಗಿನ ರೂಪವನ್ನು ಹೆಪ್ಪುಗಟ್ಟಿಸಿಬಿಡಿ ಎಂದು ಕಂಪನಿಗಳು ಕೇಳುತ್ತಲೇ ಬಂದಿವೆ; ನಾನೂ ಹಿಂದೆ ಹಾಗೆಯೇ ವಾದಿಸಿದ್ದೆ. ಈಗ ವಾದಿಸುವುದಿಲ್ಲ.

ಇನ್ನು ಡಿಸ್ಟ್ರಿಬ್ಯೂಷನ್‌ಗಳ ಮಾತು. ಹೊರಬಾಗಿಲನ್ನು ಕರ್ನಲ್ ಕಾಯುತ್ತದೆ, ಸರಿ. ಆದರೆ ಅದರ ಮೇಲೆ ಡೆಬಿಯನ್, ಫೆಡೊರಾ, ಸುಸೆ, ಆರ್ಚ್ ಎಂದು ನೂರಾರು ಮನೆಗಳು ಎದ್ದಿವೆ, ಸಾಫ್ಟ್‌ವೇರನ್ನು ಕಟ್ಟಿ ಕೊಡುವ ಪ್ಯಾಕೇಜ್ ಪದ್ಧತಿ ಒಂದೊಂದರದು ಒಂದೊಂದು ಥರ, ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಲೈಬ್ರರಿಗಳ ಆವೃತ್ತಿ ಒಂದೊಂದು ಥರ. ಈ ನೋವು ಕನ್ನಡಿಗರಿಗೆ ಹೊಸದಲ್ಲ. ಯೂನಿಕೋಡ್ ನೆಲೆಯೂರುವ ಮೊದಲು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಇನ್ನೊಂದು ಅಂಗಡಿಯಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಏನೇನೋ ಚಿಹ್ನೆಗಳು ಕುಣಿಯುತ್ತಿದ್ದವು.

ಇದನ್ನು ಸರಿಪಡಿಸಲು ಫ್ರೀ ಸ್ಟಾಂಡರ್ಡ್ಸ್ ಗ್ರೂಪ್ ಎಂಬ ಸಂಸ್ಥೆ ಲಿನಕ್ಸ್ ಸ್ಟಾಂಡರ್ಡ್ ಬೇಸ್ ಎಂಬ ಮಾನಕವನ್ನು ತಂದಿತು. 2001ರಲ್ಲಿ ಮೊದಲ ಆವೃತ್ತಿ, ಮುಂದೆ ಐಎಸ್‌ಓ ಮನ್ನಣೆಯೂ ಸಿಕ್ಕಿತು. 2007ರಲ್ಲಿ ಆ ಸಂಸ್ಥೆ ಲಿನಕ್ಸ್ ಫೌಂಡೇಷನ್‌ನಲ್ಲಿ ಸೇರಿಹೋಯಿತು. 2015ರಲ್ಲಿ ಐದನೆಯ ಆವೃತ್ತಿ ಬಂತು, ಅದೇ ವರ್ಷ ಡೆಬಿಯನ್ ಅದರ ಗೊಡವೆಯನ್ನು ಹೆಚ್ಚುಕಡಿಮೆ ಬಿಟ್ಟುಬಿಟ್ಟಿತು. ಅದರ ಪ್ರಕಾರ ಪ್ರಮಾಣಪತ್ರ ಪಡೆದ ಪ್ರೋಗ್ರಾಮ್‌ಗಳು ಬೆರಳೆಣಿಕೆಯಷ್ಟೇ ಇದ್ದವು. ರೆಡ್ ಹ್ಯಾಟ್ ಕಡೆಯ ಆರ್‌ಪಿಎಂ ಪ್ಯಾಕೇಜನ್ನು ಮಾನಕವಾಗಿ ಆರಿಸಿದ್ದರಿಂದ ಡೆಬಿಯನ್ ಕುಟುಂಬದವರಿಗೆ ಅದು ಮೊದಲಿನಿಂದಲೂ ಬೇರೆಯವರ ಅಂಗಿಯಂತೆ ಕೂತಿತ್ತು. ಈ ನಡುವೆ, 2002ರಲ್ಲಿ, ನಾಲ್ಕು ಕಂಪನಿಗಳು ಯುನೈಟೆಡ್ ಲಿನಕ್ಸ್ ಎಂದು ಒಂದಾಗಲು ಹೊರಟಿದ್ದವು. ಅವುಗಳಲ್ಲೊಂದು ಮೇಲೆ ಹೇಳಿದ ದಾವೆಯ ಎಸ್‌ಸಿಓ. ಆ ಸಂಸಾರ ಎಷ್ಟು ದಿನ ನಡೆದಿರಬಹುದು ಎಂದು ಊಹಿಸಿಕೊಳ್ಳಿ.

ಮಾನಕ ಬರೆದವರು ದಡ್ಡರಾಗಿರಲಿಲ್ಲ, ಪರೀಕ್ಷೆಯ ಸಾಧನಗಳನ್ನೂ ಕಟ್ಟಿದ್ದರು. ಕೊರತೆ ಬೇರೆ ಕಡೆ ಇತ್ತು. ಅದೇ ವಾಲ್ವ್ ಕಾರ್ಖಾನೆಯಲ್ಲಿ ಪ್ರತಿ ವಾಲ್ವ್‌ನ ರಂಧ್ರಕ್ಕೂ ಥ್ರೆಡ್ ಇರುತ್ತದೆ, ಇಲ್ಲಿನ ಕಾರ್ಮಿಕರ ಬಾಯಲ್ಲಿ ಆಟೆ. ಬ್ರಿಟಿಷ್ ಅಳತೆಯ ಬಿಎಸ್‌ಪಿ ಆಟೆಯ ರಂಧ್ರಕ್ಕೆ ಮೆಟ್ರಿಕ್ ಫಿಟ್ಟಿಂಗ್ ಒಂದೆರಡು ಸುತ್ತು ಹೋದಂತೆ ಮಾಡಿ ಕಚ್ಚಿಕೊಳ್ಳುತ್ತದೆ. ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಕೂತ ಹಿರಿಯರೊಬ್ಬರು ಗೋ ಗೇಜ್, ನೋಗೋ ಗೇಜ್ ಹಿಡಿದು ದಿನವಿಡೀ ತಿರುಗಿಸುತ್ತಾರೆ. ನೋಗೋ ಒಳಗೆ ಹೋಯಿತೋ, ವಾಲ್ವ್ ಕೆಂಪು ಡಬ್ಬಿಗೆ ಬೀಳುತ್ತದೆ, ಮಾಲೀಕರು ಬಂದು ಹೇಳಿದರೂ ಅಲ್ಲಿಂದ ಏಳುವುದಿಲ್ಲ. ಲಿನಕ್ಸ್ ಸ್ಟಾಂಡರ್ಡ್ ಬೇಸ್‌ಗೆ ಗೇಜ್ ಇತ್ತು, ಕೆಂಪು ಡಬ್ಬಿ ಇರಲಿಲ್ಲ. ಕರ್ನಲ್‌ನಲ್ಲಿ ಕೆಂಪು ಡಬ್ಬಿಯೇ ಮೊದಲು ಇತ್ತು, ಬರಹದ ನಿಯಮಗಳು ಆಮೇಲೆ ಬಂದವು.

ಬಳಕೆಯಿಂದ ಬಂದ ಒಮ್ಮತಗಳು ಹೆಚ್ಚು ಗಟ್ಟಿಯಾಗಿ ನಿಂತಿವೆ. ಯಾವ ಕಡತ ಯಾವ ಫೋಲ್ಡರ್‌ನಲ್ಲಿರಬೇಕು ಎಂಬ ಪದ್ಧತಿ 1994ರಿಂದ ಇದೆ, ಬಹುತೇಕ ಎಲ್ಲರೂ ಪಾಲಿಸುತ್ತಾರೆ. ಯಂತ್ರ ಆನ್ ಆದಾಗ ಉಳಿದ ಪ್ರೋಗ್ರಾಮ್‌ಗಳನ್ನೆಲ್ಲ ಎಬ್ಬಿಸಿ ನೋಡಿಕೊಳ್ಳುವ, 2010ರಲ್ಲಿ ಹುಟ್ಟಿದ ಸಿಸ್ಟಮ್‌ಡಿ ಯಾವ ಸಮಿತಿಯ ಅಪ್ಪಣೆಯೂ ಇಲ್ಲದೆ ದೊಡ್ಡ ಡಿಸ್ಟ್ರಿಬ್ಯೂಷನ್‌ಗಳನ್ನೆಲ್ಲ ಒಂದು ಸಾಲಿಗೆ ತಂದಿತು. ಅದರ ಜಗಳಕ್ಕೆ ಡೆಬಿಯನ್ ಒಡೆದು ದೇವುಆನ್ ಹುಟ್ಟಿದ್ದೂ ನಿಜ, ಅದರ ಎಲ್ಲ ನಡೆಗಳು ನನಗೆ ರುಚಿಸುವುದಿಲ್ಲ ಎಂಬುದೂ ನಿಜ. ಆದರೆ ಅದನ್ನು ಬರೆದವರು ಮರುದಿನವೂ ಕೆಲಸಕ್ಕೆ ಬಂದರು.

ಬೇರೆಬೇರೆಯಾಗಿರುವುದಕ್ಕೆ ತೆರಬೇಕಾದ ಬೆಲೆ 2024ರ ಮಾರ್ಚ್ 29ರಂದು ಎಲ್ಲರಿಗೂ ಕಾಣಿಸಿತು. ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಲೈಬ್ರರಿಯನ್ನು ವರ್ಷಗಟ್ಟಲೆ ಒಬ್ಬರೇ, ದಣಿದು, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುವ ನೆಪದಲ್ಲಿ ಬಂದ ಒಬ್ಬ ಅನಾಮಿಕ ನಂಬಿಕೆ ಗಳಿಸಿ, ಬೀಗದ ಕೈ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ಅದರ ಗುರಿ ಎಸ್‌ಎಸ್‌ಎಚ್. ಮೂಲ ಓಪನ್‌ಎಸ್‌ಎಸ್‌ಎಚ್ ಆ ಲೈಬ್ರರಿಯನ್ನು ಬಳಸುವುದೇ ಇಲ್ಲ. ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸಲೆಂದು ಡೆಬಿಯನ್, ಫೆಡೊರಾದಂಥ ಡಿಸ್ಟ್ರಿಬ್ಯೂಷನ್‌ಗಳು ತಾವೇ ಹಾಕಿಕೊಂಡ ಒಂದು ತೇಪೆಯ ಮೂಲಕ ಅದು ಒಳಗೆ ಬರುತ್ತಿತ್ತು. ಆಂಡ್ರೆಸ್ ಫ್ರೋಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಕೆದಕಿದ್ದರಿಂದ ಅದು ಬಯಲಾಯಿತು. ಆ ತೇಪೆ ಹಾಕಿದವರಲ್ಲಿ ಅದರ ಹಿಂದೆ ಯಾವ ಲೈಬ್ರರಿ, ಆ ಲೈಬ್ರರಿಯ ಹಿಂದೆ ಎಷ್ಟು ಜನ ಎಂದು ಎಣಿಸಿದವರು ಎಷ್ಟು ಮಂದಿ? ಕರ್ನಲ್‌ನಲ್ಲೂ ಸುಸ್ತು ಇದೆ: ದೀರ್ಘಾವಧಿ ಆವೃತ್ತಿಗಳ ನಿಗಾವನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಅದೂ ಒಂದಾಗಿತ್ತು.

ಹಾಗಾಗಿ ಆ ಹುಡುಗರಿಗೆ ಚೆನ್ನಮ್ಮನ ಚಿತ್ರ ತೆಗೆಯಿರಿ ಎಂದು ನಾನು ಹೇಳಲಿಲ್ಲ. ನಿಮ್ಮ ಓಎಸ್‌ನಲ್ಲಿ ಉಬುಂಟು ನೋಡಿಕೊಳ್ಳದ, ನೀವು ಮಾತ್ರ ನೋಡಿಕೊಳ್ಳಬೇಕಾದ ಭಾಗ ಯಾವುದು, ಪಟ್ಟಿ ಮಾಡಿ ಎಂದೆ. ನಿಘಂಟು ಮತ್ತು ಕನ್ನಡ ಮೆನುವಿನ ಕೆಲವು ಅನುವಾದಗಳು ಉಳಿದವು. ಅನುವಾದಗಳನ್ನು ಮೂಲ ಯೋಜನೆಗೇ ಕೊಟ್ಟುಬಿಟ್ಟರೆ ಎಲ್ಲ ಡಿಸ್ಟ್ರಿಬ್ಯೂಷನ್‌ಗಳಿಗೂ ತಾನಾಗಿಯೇ ಹರಿದು ಹೋಗುತ್ತವೆ. ಕಗಪ ಕೀಲಿಮಣೆ ಹೀಗೆಯೇ ಮೂಲದಲ್ಲಿ ಸೇರಿಕೊಂಡಿರುವುದರಿಂದ ಯಾವ ಲಿನಕ್ಸ್ ಹಾಕಿದರೂ ಸಿಗುತ್ತದೆ. ಶಾಲೆಗಳಿಗೆಂದೇ ತನ್ನದೊಂದು ಉಬುಂಟು ರೂಪವನ್ನು ನಡೆಸಿಕೊಂಡು ಬಂದಿರುವ ಕೇರಳವನ್ನು ಗೈಡ್ ಮೇಡಂ ಎತ್ತಿದರು, ನ್ಯಾಯವಾದ ಮಾತು. ಆದರೆ ಅಲ್ಲಿ ಅದರ ಬೆನ್ನಿಗೆ ಒಂದು ಸರ್ಕಾರಿ ಸಂಸ್ಥೆಯಿದೆ, ತರಬೇತಿ ಪಡೆದ ಶಿಕ್ಷಕರಿದ್ದಾರೆ. ನಾಲ್ವರು ಹುಡುಗರಿಗೆ ಜುಲೈನಲ್ಲಿ ಪದವಿ ಮುಗಿಯುತ್ತದೆ.

ಗೋಡೆಗೆ ಒರಗಿ ನಿಂತಿದ್ದ ಆ ನಾಲ್ಕನೆಯವನು ಆಮೇಲೆ ನನ್ನನ್ನು ಹುಡುಕಿಕೊಂಡು ಬಂದ. ಉದ್ಯಮಬಾಗದ ಕಾರ್ಡಿನ ಕಥೆ ಹೇಳಿ, ಸಿಡಿಯಲ್ಲಿದ್ದ ಕೋಡ್ ಅವನ ಕೈಗೆ ಕೊಟ್ಟೆ. ತಯಾರಕರೇ ಅದಕ್ಕೆ ಜಿಪಿಎಲ್, ಅಂದರೆ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಪರವಾನಗಿ, ಎಂದು ಬರೆದಿದ್ದರಿಂದ ಹಕ್ಕಿನ ತೊಡಕಿಲ್ಲ. ಇಂಥ ಕಾರ್ಡುಗಳಿಗೆಂದೇ ಕರ್ನಲ್‌ನಲ್ಲಿ ಕಾಮೆಡಿ ಎಂಬ ವಿಭಾಗವಿದೆ, ತಮಾಷೆಗೆ ಸಂಬಂಧವಿಲ್ಲ; ಉಮೇದುವಾರಿಯ ಅಂಗಳದಂತಿರುವ ಸ್ಟೇಜಿಂಗ್‌ನಲ್ಲಿ ವರ್ಷಗಟ್ಟಲೆ ಕೂತಿದ್ದು, 2021ರಲ್ಲಿ 5.13ರ ಹೊತ್ತಿಗೆ ಮುಖ್ಯ ಮನೆಯೊಳಗೆ ಬಂದ ವಿಭಾಗ ಅದು. ಎರಡು ಶನಿವಾರ ಕಾರ್ಖಾನೆಯಲ್ಲಿ ಕೂತು, ಬೆಂಚ್ ಖಾಲಿಯಿದ್ದಾಗ ಪರೀಕ್ಷಿಸಿ, ಅವನು ಡ್ರೈವರನ್ನು ಆ ಪದ್ಧತಿಗೆ ಒಗ್ಗಿಸಿ ಕಳುಹಿಸಿದ. ಮೂರನೆಯ ದಿನ ಉತ್ತರ ಬಂತು: ಇಡೀ ಡ್ರೈವರ್ ಒಂದೇ ಪ್ಯಾಚ್‌ನಲ್ಲಿದೆ, ಬಿಡಿಸಿ ಕಳುಹಿಸಿ, ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಇವೆ, ನಿಮ್ಮ ರುಜುವಿನ ಸಾಲು ಎಲ್ಲಿ? ಸಂಜೆ ಅವನ ಫೋನ್ ಬಂದಾಗ ದನಿ ಸ್ವಲ್ಪ ಇಳಿದಿತ್ತು. ‘ರಿಜೆಕ್ಟ್ ಆತ್ರಿ ಸರ್’ ಎಂದ. ಈ ಶನಿವಾರ ಮತ್ತೆ ಬಾ, ಒಂದೊಂದಾಗಿ ಬಿಡಿಸೋಣ ಎಂದೆ.