ಗುದ್ದಲಿಪೂಜೆಗೆ ಮೊದಲು ನೀರಿನ ಲೆಕ್ಕ ಹೇಳಿ

2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ, ಸಕಲೇಶಪುರದ ಕಡೆಯ ಹಳ್ಳಗಳ ನೀರನ್ನು ಕೋಲಾರದಂಥ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ನಾನಿರುವ ಕ್ಯಾಲಿಫೋರ್ನಿಯಾದಲ್ಲಿ, ನೀರಿನ ಕೆಲಸಗಳಿಗೆ 750 ಕೋಟಿ ಡಾಲರ್ ಸಾಲ ಎತ್ತಬಹುದಾ ಎಂದು ಜನರನ್ನೇ ಕೇಳಿದರು. ಜನ ಆಗಲಿ ಎಂದು ಮತ ಹಾಕಿದರು. ಅದರಲ್ಲಿ 270 ಕೋಟಿ ಡಾಲರ್ ಹೊಸದಾಗಿ ನೀರು ಕೂಡಿಡುವ ಕೆಲಸಕ್ಕೇ ಮೀಸಲು. ಎರಡು ಕಡೆಯೂ ಬರ, ಎರಡು ಕಡೆಯೂ ಬೋರ್‌ವೆಲ್ ಆಳಕ್ಕೆ ಇಳಿಸಿ ಇಳಿಸಿ ಸೋತ ರೈತರು. ನಾನು ಕೋಲಾರದ ಕಡೆಯವನು. ಈಗಿನ ಮನೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕೆ, ಕಾಂಟ್ರಾ ಕಾಸ್ಟಾ ಕೌಂಟಿಯಲ್ಲಿ. ಅಂದಿನಿಂದ ಎರಡೂ ಕಡೆಯ ಸುದ್ದಿ ಬಿಡದೆ ಓದಿಕೊಂಡು ಬಂದವನಿಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮಲ್ಲಿ ಕಲ್ಲು ಮೊದಲು ಬೀಳುತ್ತದೆ, ಲೆಕ್ಕ ಆಮೇಲೆ ಬರುತ್ತದೆ. ಇದು ತಿರುಗಬೇಕು.

ಇಲ್ಲಿನ ಆ 270 ಕೋಟಿಗೆ ಒಂದು ಷರತ್ತು ಇತ್ತು. ಎಲ್ಲರ ತೆರಿಗೆಯಿಂದ ತೀರಿಸುವ ಸಾಲ ಇದು, ಹಾಗಾಗಿ ಎಲ್ಲರಿಗೂ ಸಿಗುವ ಲಾಭಕ್ಕೆ ಮಾತ್ರ ಈ ದುಡ್ಡು. ಅಂದರೆ ನದಿ, ಮೀನು, ಪ್ರವಾಹ ತಡೆ, ತುರ್ತು ಹೊತ್ತಿನ ನೀರು, ಇಂಥವಕ್ಕೆ. ನಿಮ್ಮೂರಿನ ನಲ್ಲಿಗೋ ನಿಮ್ಮ ಬಾದಾಮಿ ತೋಟಕ್ಕೋ ನೀರು ಬೇಕಾದರೆ ಆ ಪಾಲನ್ನು ನೀವೇ ಹಾಕಿ. ಹಾಗಾಗಿ ಒಂದೊಂದು ಜಲಾಶಯದ ಯೋಜನೆಯವರೂ ಎಷ್ಟು ನೀರು, ಯಾವ ತಿಂಗಳು, ಯಾರಿಗೆ, ಎಷ್ಟು ದುಡ್ಡಿಗೆ ಎಂದು ಬಿಡಿಸಿ ಬರೆದು ಕೊಡಬೇಕಾಯಿತು. 2018ರ ಶುರುವಿನಲ್ಲಿ ರಾಜ್ಯದ ನೀರು ಆಯೋಗದ ಸಿಬ್ಬಂದಿ ಹಲವು ಅರ್ಜಿಗಳ ಲೆಕ್ಕ ಒಪ್ಪಲಿಲ್ಲ. ಮೀನಿಗೆ ಇಷ್ಟು ಲಾಭ ಎಂದು ಬರೆದಿದ್ದೀರಲ್ಲ, ಇದಕ್ಕೆ ಆಧಾರ ಎಲ್ಲಿ ಎಂದು ಕೇಳಿದರು. ತಿದ್ದಿ ಬರೆದ ಮೇಲೆ ಆ ವರ್ಷ ಜುಲೈನಲ್ಲಿ ದುಡ್ಡು ಹಂಚಿಕೆ ಆಯಿತು.

ಇವುಗಳಲ್ಲಿ ದೊಡ್ಡದು ಸೈಟ್ಸ್ ಜಲಾಶಯ. ಸ್ಯಾಕ್ರಮೆಂಟೊ ನದಿಗೆ ಅಡ್ಡಲಾಗಿ ಕಟ್ಟುವುದಲ್ಲ, ನದಿಯ ಪಶ್ಚಿಮಕ್ಕಿರುವ ಒಣ ಕಣಿವೆಗೆ ಕಟ್ಟುವುದು. ಚಳಿಗಾಲದ ಮಳೆಯಲ್ಲಿ ನದಿ ಉಕ್ಕಿದಾಗ, ಕೆಳಗಿನವರ ಪಾಲು ಮತ್ತು ನದಿಯ ಪಾಲು ಹೋಗಿ ಮಿಕ್ಕಿದ ನೀರನ್ನು ಈಗಾಗಲೇ ಇರುವ ಕಾಲುವೆಗಳಲ್ಲಿ ತಂದು ಅಲ್ಲಿ ಕೂಡಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 65 ಟಿಎಂಸಿ, ಕೆಆರ್‌ಎಸ್‌ಗಿಂತ ಜಾಸ್ತಿ. 2020ರಲ್ಲಿ, ಪಾಲುದಾರರು ಇಷ್ಟು ಖರ್ಚು ನಮಗೆ ಭಾರ ಎಂದಾಗ, ಅದರ ಗಾತ್ರವನ್ನೇ ಇಳಿಸಿ ಇಷ್ಟಕ್ಕೆ ತಂದರು.

ಇದನ್ನೆಲ್ಲ ಹೇಳಿದ ಮಾತ್ರಕ್ಕೆ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಸೈಟ್ಸ್ ಮಾತು 1950ರ ದಶಕದಿಂದ ಇದೆ, ಇವತ್ತಿಗೂ ಅಲ್ಲಿ ಹನಿ ನೀರು ನಿಂತಿಲ್ಲ. ಖರ್ಚಿನ ಅಂದಾಜು 600 ಕೋಟಿ ಡಾಲರ್ ದಾಟಿದೆ. ವರದಿ, ಆಕ್ಷೇಪ, ಕೋರ್ಟು, ಮತ್ತೆ ವರದಿ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ನಮ್ಮೂರಿನ ಹೆಂಗಸರಿಗೆ ಎಪ್ಪತ್ತು ವರ್ಷ ತಡಕೊಳ್ಳಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ನಿಧಾನವನ್ನು ಇಲ್ಲಿಂದ ಕಲಿಯಬೇಕಾಗಿಲ್ಲ.

ಆದರೆ ನಮ್ಮ ಮನೆಯ ನಲ್ಲಿಗೇ ಸೇರಿದ ಒಂದು ಜಲಾಶಯದಿಂದ ಕಲಿಯುವುದಿದೆ. ಅದರ ಹೆಸರು ಲಾಸ್ ವಕೇರೋಸ್. ಇಲ್ಲಿನ ಕುಡಿಯುವ ನೀರು ಬರುವುದು ಡೆಲ್ಟಾದಿಂದ, ನದಿಗಳು ಸೇರಿ ಕೊಲ್ಲಿಗೆ ಇಳಿಯುವ ಜಾಗ ಅದು. ಬೇಸಿಗೆಯ ಕೊನೆಗೆ ನದಿಯ ಹರಿವು ಇಳಿದಾಗ ಭರತದ ಜೊತೆ ಸಮುದ್ರದ ಉಪ್ಪು ಒಳಗೆ ಬರುತ್ತದೆ. ಹಾಗಾಗಿ ನೀರು ಸಿಹಿ ಇರುವಾಗ ಎತ್ತಿ ಬೆಟ್ಟದ ನಡುವೆ ಕೂಡಿಟ್ಟು, ಉಪ್ಪಾದಾಗ ಬೆರೆಸಿ ಕೊಡುತ್ತಾರೆ. 1988ರಲ್ಲಿ ಜನ ಮತ ಹಾಕಿ ಒಪ್ಪಿದ ಮೇಲೆ 1998ರಲ್ಲಿ ಕಟ್ಟಿ ಮುಗಿಸಿದರು. 2012ರಲ್ಲಿ ಎತ್ತರಿಸಿ ಸುಮಾರು 7 ಟಿಎಂಸಿ ಹಿಡಿಯುವಂತೆ ಮಾಡಿದರು. ಆಮೇಲೆ ಅದನ್ನು 12 ಟಿಎಂಸಿಗೆ ಏರಿಸಿ ಬೇ ಏರಿಯಾದ ಬೇರೆ ಊರುಗಳಿಗೂ ಹಂಚುವ ಯೋಜನೆ ಬಂತು. ಹಲವು ನೀರು ಸಂಸ್ಥೆಗಳು ಸೇರಿ ಕೂಟ ಕಟ್ಟಿದವು, ರಾಜ್ಯದಿಂದ ದುಡ್ಡೂ ಮಂಜೂರಾಯಿತು.

ಇಂಥ ಸಂಸ್ಥೆಗಳ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಾನೂ ಹೋಗಿದ್ದೇನೆ. ಚೀಟಿ ಬರೆದು ಕೊಟ್ಟರೆ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ವಯಸ್ಸಾದವರೊಬ್ಬರು ಎದ್ದು ನಿಂತು ಕಟ್ಟೆ ಎತ್ತರಿಸುವಾಗ ಇರುವ ನೀರನ್ನೆಲ್ಲ ಖಾಲಿ ಮಾಡಬೇಕಲ್ಲ, ಆಗ ಬರ ಬಂದರೆ ನನ್ನ ಮನೆಗೆ ನೀರು ಎಲ್ಲಿಂದ ತರುತ್ತೀರಿ, ನನ್ನ ಬಿಲ್ ಎಷ್ಟಾಗುತ್ತದೆ ಎಂದು ಕೇಳಿದರು. ವೇದಿಕೆ ಮೇಲಿದ್ದ ಅಧಿಕಾರಿ ಒಂದು ಪುಟ ತೆಗೆದು ಅಂಕಿ ಓದಿದರು. ಉತ್ತರ ಅವರಿಗೆ ಪೂರ್ತಿ ಹಿಡಿಸಲಿಲ್ಲ, ಅದು ಬೇರೆ ಮಾತು. ಆದರೆ ಉತ್ತರ ಇತ್ತು, ಕಾಗದದ ಮೇಲೆ ಇತ್ತು, ಮತ್ತು ಆ ಕಾಗದ ನನಗೂ ಸಿಕ್ಕಿತು.

2024ರ ನವೆಂಬರ್‌ನಲ್ಲಿ ಆ ಯೋಜನೆಯ ಮುಂದಾಳಾಗಿದ್ದ ಕಾಂಟ್ರಾ ಕಾಸ್ಟಾ ವಾಟರ್ ಡಿಸ್ಟ್ರಿಕ್ಟೇ ಸಾಕು ಎಂದಿತು. ಖರ್ಚು ತುಂಬಾ ಏರಿದೆ, ಸಿಗುವ ನೀರು ಮೊದಲು ಅಂದುಕೊಂಡದ್ದಕ್ಕಿಂತ ಕಡಿಮೆ, ಕಟ್ಟುವಷ್ಟು ವರ್ಷ ಬದಲಿ ನೀರಿಗೆ ಗ್ಯಾರಂಟಿ ಇಲ್ಲ, ಪಾಲುದಾರರ ನಡುವೆ ಖರ್ಚಿನ ಹಂಚಿಕೆ ಸರಿ ಹೊಂದುತ್ತಿಲ್ಲ. ಕಾರಣ ಹೀಗೆ ಒಂದೊಂದಾಗಿ ಹೇಳಿ ಕೈಬಿಟ್ಟರು. ಮಂಜೂರಾಗಿದ್ದ ರಾಜ್ಯದ ದುಡ್ಡು ನೀರು ಕೂಡಿಡುವ ಬೇರೆ ಯೋಜನೆಗಳಿಗೆ ಹೋಯಿತು. ಎಷ್ಟೋ ವರ್ಷದ ಕೆಲಸ ವ್ಯರ್ಥವಾಯಿತು ಎಂದು ಬೇಜಾರು ಮಾಡಿಕೊಂಡವರು ಇದ್ದಾರೆ. ನನಗೆ ಮಾತ್ರ ಗೌರವ ಹುಟ್ಟಿದ್ದು ಅಲ್ಲೇ. ಲೆಕ್ಕ ಕೂಡದಿದ್ದರೆ ನಿಲ್ಲಿಸುವ ಧೈರ್ಯವೂ ಯೋಜನೆಯ ಭಾಗವೇ ಅಲ್ವಾ?

ಈಗ ನಮ್ಮ ಕಡೆ ನೋಡಿ. ಎತ್ತಿನಹೊಳೆಯಲ್ಲಿ 24.01 ಟಿಎಂಸಿ ನೀರು ಸಿಗುತ್ತದೆ ಎನ್ನುವುದು ಸರ್ಕಾರದ ಲೆಕ್ಕ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಅಲ್ಲಿ ಸಿಗುವುದೇ 9.5 ಟಿಎಂಸಿ ಆಸುಪಾಸು ಎಂದಿತು. ಒಂದೇ ಹಳ್ಳ, ಒಂದೇ ಮಳೆ, ಎರಡು ಲೆಕ್ಕ. ಇಷ್ಟು ದೊಡ್ಡ ಅಂತರ ಬಂದಾಗ ಎರಡೂ ಕಡೆಯವರನ್ನು ಏಳು ಜಿಲ್ಲೆಯ ಜನರ ಮುಂದೆ ಕೂರಿಸಿ ಕೇಳಬೇಕಿತ್ತು. ಅದರ ಬದಲು ಪರ ಮಾತಾಡಿದವರು ಬಯಲುಸೀಮೆಯವರು, ಅನುಮಾನ ಪಟ್ಟವರು ನಮ್ಮ ವಿರೋಧಿಗಳು ಎಂದಾಯಿತು. ಖರ್ಚು 2012ರಲ್ಲಿ 8,323 ಕೋಟಿ ಇದ್ದದ್ದು 23,251 ಕೋಟಿಗೆ ಬಂತು.

ನನ್ನನ್ನು ಹೆಚ್ಚು ಕಾಡುವುದು ನೀರು ಕೂಡಿಡುವ ಜಾಗದ ವಿಷಯ. ಸಕಲೇಶಪುರದ ಕಡೆ ನೀರು ಎತ್ತುವುದು ಮಳೆಗಾಲದಲ್ಲಿ ಮಾತ್ರ. ಮಿಕ್ಕ ತಿಂಗಳಿಗೆ ಬೇಕು ಅಂದರೆ ಎಲ್ಲಾದರೂ ನಿಲ್ಲಿಸಿಕೊಳ್ಳಲೇಬೇಕು. ಅದಕ್ಕೆ ಕೊರಟಗೆರೆ ತಾಲೂಕಿನ ಬೈರಗೊಂಡ್ಲುವಿನಲ್ಲಿ 5.78 ಟಿಎಂಸಿಯ ಜಲಾಶಯ ಎಂದರು. ಮುಳುಗಡೆ ಜಮೀನಿನ ಪರಿಹಾರದಲ್ಲಿ ಕೊರಟಗೆರೆಗೆ ಒಂದು ದರ, ಪಕ್ಕದ ದೊಡ್ಡಬಳ್ಳಾಪುರಕ್ಕೆ ಅದಕ್ಕಿಂತ ತುಂಬಾ ಜಾಸ್ತಿ ದರ. ಬದುವಿನ ಆಚೆಯವನಿಗೆ ಅಷ್ಟು, ಈಚೆಯವನಿಗೆ ಇಷ್ಟು ಅಂದರೆ ಯಾವ ರೈತ ಪಹಣಿ ಕೊಟ್ಟು ಸಹಿ ಹಾಕುತ್ತಾನೆ? ಗಲಾಟೆ ವರ್ಷಗಟ್ಟಲೆ ಎಳೆಯಿತು, ಕೊನೆಗೆ ಜಲಾಶಯವನ್ನು ಸುಮಾರು 2 ಟಿಎಂಸಿಗೆ ಇಳಿಸುವ ಮಾತು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆ ಆದಾಗ ಕಾಲುವೆ ಇನ್ನೂ ಇತ್ತ ಬಂದಿರಲಿಲ್ಲ, ನೀರನ್ನು ವೇದಾವತಿ ಮೂಲಕ ವಾಣಿವಿಲಾಸ ಸಾಗರಕ್ಕೆ ಬಿಟ್ಟರು. ಚಿತ್ರದುರ್ಗದವರಿಗೆ ನೀರು ಸಿಕ್ಕಿದ್ದು ಒಳ್ಳೆಯದೇ. ಕೋಲಾರಕ್ಕೆ ಏನೂ ಬಂದಿಲ್ಲ.

ಗಾತ್ರ ಇಳಿಸಿದ್ದು ತಪ್ಪು ಎನ್ನುತ್ತಿಲ್ಲ. ಸೈಟ್ಸ್‌ನಲ್ಲೂ ಇಳಿಸಿದರು. ಆದರೆ ಇಳಿಸಿದ ಮೇಲೆ ಮಿಕ್ಕ ನೀರು ಎಲ್ಲಿ ನಿಲ್ಲುತ್ತದೆ ಎಂದು ಯಾರಾದರೂ ನಮ್ಮೂರಿಗೆ ಬಂದು ಹೇಳಬೇಕಲ್ಲ. ಕಾಗದದಲ್ಲಿರುವ ಉತ್ತರ 527 ಕೆರೆಗಳು. ನನ್ನ ಮಟ್ಟಿಗೆ ಅದು ಒಳ್ಳೆಯ ಉತ್ತರವೇ. ಕೋಲಾರ ಸೀಮೆಯಲ್ಲಿ ನದಿ ಇಲ್ಲದಿದ್ದರೂ ಬದುಕು ನಡೆದದ್ದು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳಿಂದ. 2018ರಲ್ಲಿ ಕೆಸಿ ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದಾಗಲೂ ಅದನ್ನು ಹಿಡಿದದ್ದು ಇವೇ ಕೆರೆಗಳು. ಆದರೆ ಕೆರೆ ಅಂಗಳ ಒತ್ತುವರಿಯಾಗಿ, ರಾಜಕಾಲುವೆ ಮೇಲೆ ಲೇಔಟ್ ಎದ್ದು, ಹೂಳು ಆಳುದ್ದ ನಿಂತಿರುವಾಗ, ಅಂಕಿಯಲ್ಲಿರುವ ನೀರು ಕೆರೆಯಲ್ಲಿ ನಿಲ್ಲುವುದಿಲ್ಲ. ತುಂಗಭದ್ರಾ ಜಲಾಶಯವನ್ನೇ ನೋಡಿ, 133 ಟಿಎಂಸಿಗೆ ಕಟ್ಟಿದ್ದು ಹೂಳು ತುಂಬಿ 105ಕ್ಕೆ ಬಂದಿದೆ, ಆ ಕೊರತೆ ತುಂಬಲು ಈಗ ನವಲಿಯಲ್ಲಿ ಇನ್ನೊಂದು ಜಲಾಶಯದ ಮಾತು. ಅದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು.

ಇಲ್ಲಿನ ಎಪ್ಪತ್ತು ವರ್ಷದ ಎಳೆದಾಟ ನಮಗೆ ಬೇಡ. ನಾನು ಕೇಳುತ್ತಿರುವುದು ಒಂದು ಪುಟ. ನಮ್ಮೂರ ಕೆರೆ ಪಟ್ಟಿಯಲ್ಲಿ ಇದೆಯಾ, ಈಗ ಎಷ್ಟು ನೀರು ಹಿಡಿಯುತ್ತದೆ, ಹೂಳೆತ್ತುವವರು ಯಾರು, ಯಾವ ತಿಂಗಳು ನೀರು ಬರುತ್ತದೆ, ಹಳ್ಳದಲ್ಲಿ 24ರ ಬದಲು 9.5 ಟಿಎಂಸಿಯೇ ಸಿಕ್ಕರೆ ಯಾರ ಪಾಲು ಮೊದಲು ಕಡಿಯುತ್ತಾರೆ. ಇಷ್ಟನ್ನು ಕನ್ನಡದಲ್ಲಿ ಬರೆದು, 527 ಕೆರೆಗಳಿರುವ ಒಂದೊಂದು ಪಂಚಾಯಿತಿ ಆಫೀಸಿನ ಗೋಡೆಗೂ ಅಂಟಿಸಲಿ. ಬೈರಗೊಂಡ್ಲುವಿನ ಜಮೀನಿಗೆ ಎರಡು ತಾಲೂಕಿಗೂ ಒಂದೇ ದರ ಕೊಡಲಿ. ಊರಲ್ಲಿರುವ ನನ್ನ ಚಿಕ್ಕಪ್ಪನಿಗೂ ಇದನ್ನೇ ಹೇಳಿದ್ದೇನೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಇದನ್ನೇ ಕೇಳುತ್ತೇನೆ ಎಂದಿದ್ದಾರೆ. ನಿಮ್ಮೂರಲ್ಲೂ ಯಾರಾದರೂ ಕೇಳಿ.